ಪರದೆಯ ಹಿಂದಿನ ಕುರ್ಚಿ

ಒಳಗೆ ಯಾರೂ ಇಲ್ಲ ಎಂದು ನಿನಗೆ ಹೇಳಿದೆ, ಹಾಲಮ್ಮ. ಇದ್ದರು. ಆಮೇಲೆ, ಅವರು ಅಲ್ಲಿ ಕೂತಿದ್ದದ್ದು ನನಗೆ ಗೊತ್ತೇ ಇರಲಿಲ್ಲ ಎಂದೆ. ಅವರನ್ನು ಅಲ್ಲಿ ಕೂರಿಸಿದವಳೇ ನಾನು. ಈ ಎರಡು ಸುಳ್ಳುಗಳ ನಡುವೆ ಇನ್ನೊಂದು ಮಾತಿದೆ — ಅದು ಸುಳ್ಳಲ್ಲ, ಅಪ್ಪಟ ನಿಜ. ನಿನ್ನ ಮನೆ ಮುರಿದದ್ದು ಆ ನಿಜದಿಂದಲೇ. ಅದನ್ನು ಆಡಿದ್ದು ನಮ್ಮ ಯಜಮಾನರು ಎಂದು ನೀನು ನಂಬಿದ್ದೀಯ, ಊರೂ ನಂಬಿದೆ, ಕಳೆದ ವಾರದವರೆಗೆ ಅವರೂ ನಂಬಿದ್ದರು. ಆಡಿದವಳು ನಾನು.

ಇಷ್ಟನ್ನು ಮೊದಲೇ ಹೇಳಿಬಿಡಬೇಕಿತ್ತು. ಸುತ್ತಿ ಬಳಸಿ ಹೊರಟರೆ ಎಲ್ಲಾದರೂ ಒಂದು ತಿರುವಿನಲ್ಲಿ ನಾನೇ ಒಳ್ಳೆಯವಳಾಗಿ ಕಾಣುವ ಹಾಗೆ ಮಾಡಿಕೊಳ್ಳುತ್ತೇನೆ — ನನ್ನ ನಾಲಿಗೆಯ ಬುದ್ಧಿ ನನಗೆ ಗೊತ್ತು. ಕೂತಲ್ಲಿ ಕೂರಲಾಗುತ್ತಿಲ್ಲ. ಒಲೆಯ ಮೇಲೆ ಹಾಲಿಟ್ಟು ಬೀದಿ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ, ಹಾಲು ಉಕ್ಕಿದ ವಾಸನೆ ಬಂದಾಗ ಯಾರ ಮನೆಯದೋ ಎಂದುಕೊಳ್ಳುತ್ತೇನೆ. ನಿನ್ನ ಮಗಳು ಗಿರಿಜೆ ಬಂದು ಹೋದಾಗಿನಿಂದ ಹೀಗೆ.

ಅವಳು ಶಿವಮೊಗ್ಗದ ದುರ್ಗಿಗುಡಿಯ ಈ ಮನೆಯನ್ನು ಕೇಳಿಕೊಂಡು ಬಂದಳು. ಸೆರಗು ಹಿಡಿದುಕೊಂಡು ಅವಳ ಮಗಳು. ನಮ್ಮವರನ್ನು ಕಂಡ ಕೂಡಲೇ ಗಿರಿಜೆ ಮುಖ ತಿರುಗಿಸಿದಳು; ಅವರೂ ಅದಕ್ಕೇ ಕಾದಿದ್ದವರಂತೆ ಎದ್ದು ಹಿತ್ತಲಿಗೆ ಹೋದರು. ಅವಳು ನನ್ನ ಹತ್ತಿರ ಕೂತು ಹೇಳಿದಳು: ಈ ಮಗುವನ್ನು ಇಲ್ಲೇ ಬಿಟ್ಟು ಸ್ಕೂಲಿಗೆ ಹಾಕಬೇಕು, ಇದು ಅವ್ವನ ಹಟ, ನನಗಂತೂ ಓದು ಆಗಲಿಲ್ಲ, ಇದಕ್ಕಾದರೂ ಆಗಲಿ. ಆಮೇಲೆ ನಿನ್ನ ಮಾತನ್ನು ನಿನ್ನ ದನಿಯಲ್ಲೇ ಹೇಳಿದಳು —

"ಮೇಷ್ಟ್ರಮ್ಮನ ಹತ್ರ ಆದ್ರೆ ನಂಗೆ ಧೈರ್ಯ. ಅವರು ಯಾವತ್ತೂ ನಮಗೆ ಕೇಡು ಬಗೀಲಿಲ್ಲ."

ಮಗುವಿನ ಕೈಗೆ ಬೆಲ್ಲದ ಚೂರು ಕೊಟ್ಟೆ, ಗಿರಿಜೆಗೆ ಕುಂಕುಮ ಇಟ್ಟೆ. ಕುಂಕುಮ ಅವಳ ಮೂಗಿನ ಮೇಲೆ ಉದುರಿತು. ಅವಳು ನಕ್ಕು ಒರೆಸಿಕೊಂಡಳು.

ಈಗ ನಾವು ಆಗ ಇದ್ದ ಭದ್ರಾವತಿಯ ಮಾತಿಗೆ ಬರುತ್ತೇನೆ. ನಮ್ಮವರ ಕೆಲಸ ಏನೆಂದು ನಿಮಗೆ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. "ವಿಚಾರಣೆ ಮೇಷ್ಟ್ರು" ಎಂದು ಕರೆಯುತ್ತಿದ್ದಿರಿ. ಊರೂರಿನಿಂದ ಜನ ಬಂದು ಕಾರ್ಖಾನೆಗೆ ಸೇರಿದ್ದಾರಲ್ಲ, ಅವರ ಸಂಸಾರಗಳು ಹೇಗೆ ನಡೆಯುತ್ತಿವೆ, ಏನು ಉಣ್ಣುತ್ತಾರೆ, ಯಾವುದಕ್ಕೆ ಹೆದರುತ್ತಾರೆ — ಇದನ್ನೆಲ್ಲ ವಿಚಾರಿಸಿ ಮೇಲಿನವರಿಗೆ ವರದಿ ಬರೆಯಬೇಕಿತ್ತು. ಸಮಾಜವನ್ನೂ ಒಂದು ಶಾಸ್ತ್ರವಾಗಿ ಓದಬಹುದು ಎಂಬ ಹುಚ್ಚು ಅವರಿಗೆ. ಮದುವೆಯಾದ ಹೊಸತರಲ್ಲಿ ಆ ಹುಚ್ಚು ನನಗೂ ಹಿಡಿಯಿತು. ನಾನು ಓದಿದ್ದು ಅಷ್ಟಕ್ಕಷ್ಟೇ. ಆದರೂ ಅವರ ದೊಡ್ಡ ಕೆಲಸದಲ್ಲಿ ನನ್ನದೂ ಒಂದು ಕೈ ಇರಲಿ ಎಂಬ ಆಸೆ — ಆಸೆಯೇನು, ಹಪಹಪಿ.

ಮೊದಲು ಅವರು ಅಚ್ಚು ಹಾಕಿಸಿದ ಪ್ರಶ್ನೆಗಳನ್ನು ಹಿಡಿದು ಮನೆಮನೆ ಸುತ್ತಿದರು. ನಿನ್ನ ಮನೆಗೂ ಬಂದಿದ್ದರು, ನೆನಪಿರಬಹುದು. ಕುಡಿಯುವ ಅಭ್ಯಾಸ ಉಂಟೋ? ಇಲ್ಲ ಸ್ವಾಮಿ. ಹೆಂಡತಿಯ ಮೇಲೆ ಕೈ ಮಾಡುವುದುಂಟೋ? ಛೆ ಛೆ. ಎರಡು ಹೊತ್ತು ಊಟ? ದೇವರ ದಯೆ. ಕಾಗದದ ಮೇಲೆ ಭದ್ರಾವತಿ ಕೈಲಾಸವಾಯಿತು. "ಹಾಗಾದ್ರೆ ಆ ಸಾರಾಯಿ ಅಂಗಡಿಯವನು ಯಾರನ್ನ ನಂಬಿ ಬಾಗಿಲು ತೆಗೀತಾನೆ?" ಎಂದು ನಾನು ಕೇಳಿದರೆ ನಮ್ಮವರಿಗೆ ನಗು ಬರಲಿಲ್ಲ. ಹೆಂಗಸರಂತೂ ಬಾಗಿಲ ಸಂದಿಯಿಂದಲೇ, "ಯಜಮಾನ್ರು ಬರ್ಲಿ, ಅವರನ್ನೇ ಕೇಳಿ" ಎಂದು ಕಳಿಸುತ್ತಿದ್ದರು.

ಆ ಪ್ರಶ್ನೆಗಳನ್ನು ನಾನು ಆಗ ಬಹಳ ಗೇಲಿ ಮಾಡಿದೆ. ಈಗ ಹಾಗನ್ನಿಸುವುದಿಲ್ಲ. ಅವುಗಳಿಗೊಂದು ಮರ್ಯಾದೆ ಇತ್ತು. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಮಾತಿನಲ್ಲಿ; ಮುಖ ನೋಡಿ ಮಣೆ ಹಾಕುವುದಿಲ್ಲ. ಕೇಳುವವನು ಹಗಲಲ್ಲಿ, ಎದುರಿಗೆ ನಿಂತು ಕೇಳುತ್ತಾನೆ. ಉತ್ತರ ಕೊಡುವವರಿಗೆ ಬಾಗಿಲು ಹಾಕಿಕೊಳ್ಳುವ ಹಕ್ಕಿದೆ, ಬೇಕೆಂದರೆ ಸುಳ್ಳು ಹೇಳುವ ಹಕ್ಕೂ ಇದೆ. ಬಡವರ ಹತ್ತಿರ ಇರುವ ಬೀಗ ಅದೊಂದೇ ಎಂದು ನನಗೆ ಆಗ ಹೊಳೆಯಲಿಲ್ಲ.

ಪ್ರಶ್ನೆ ಬಿಟ್ಟು ಅವರು ನೋಡಿ ತಿಳಿಯಲು ಹೊರಟರು. ಪಾಳಿ ಬಿಡುವ ಹೊತ್ತಿಗೆ ಕಾಫಿ ಅಂಗಡಿಯ ಬೆಂಚಿನ ಮೇಲೆ ಹೋಗಿ ಕೂರುವುದು. ಅಲ್ಲಿ ತಮಿಳಿನಲ್ಲಿ, ತೆಲುಗಿನಲ್ಲಿ, ಕನ್ನಡದಲ್ಲಿ ಜಗಳ, ನಗು, ಬೈಗುಳ ಎಲ್ಲವೂ ನಡೆದಿರುತ್ತಿತ್ತು. ಇವರು ಕೂತ ಕೂಡಲೇ ಎಲ್ಲರೂ ಮಳೆ ಬೆಳೆಯ ಮಾತಿಗೆ ಇಳಿಯುತ್ತಿದ್ದರು. ನೋಡಲು ಹೋದವರನ್ನೇ ಜನ ನೋಡಿಕೊಂಡು ಕೂತರು. ದಿನಾ ಹೋಗಿ ಅಭ್ಯಾಸವಾಗಿದ್ದರೆ ಮರೆಯುತ್ತಿದ್ದರೇನೋ — ಅದಕ್ಕೆ ವರ್ಷಗಟ್ಟಲೆ ತಾಳ್ಮೆ ಬೇಕು. ಮೇಲಿನವರಿಗೆ ವರದಿ ಬೇಗ ಬೇಕಿತ್ತು. ನಮ್ಮವರು ಊಟ ಬಿಟ್ಟು ಚಿಂತೆಗೆ ಬಿದ್ದರು.

ಆಗ ಹೇಳಿದವಳು ನಾನು. "ನಿಮ್ಮ ಪ್ರಶ್ನೆಗಳನ್ನ ಮಡಚಿಡಿ. ಶುಕ್ರವಾರ ಹೆಂಗಸರನ್ನ ಅರಿಶಿನ-ಕುಂಕುಮಕ್ಕೆ ಕರೀತೀನಿ. ನೀವು ಒಳಗೆ ಪರದೆ ಹಿಂದೆ ಕೂತು ಕೇಳಿಸ್ಕೊಳ್ಳಿ."

"ಅದು ಸರಿಯಾ?" ಎಂದರು.

"ಸರಿ ತಪ್ಪು ಆಮೇಲೆ. ನಿಮಗೆ ನಿಜ ಬೇಕೋ ಬೇಡ್ವೋ?"

ಅವರು ಮತ್ತೆ ಕೇಳಲಿಲ್ಲ. ನಾನು ನನ್ನ ಹಳೆಯ ಹಸಿರು ಸೀರೆಯನ್ನು ಒಳಕೋಣೆಯ ಬಾಗಿಲಿಗೆ ಇಳಿಬಿಟ್ಟೆ. ಹಿಂದೆ ಬೆತ್ತದ ಕುರ್ಚಿ ಹಾಕಿದೆ. ಅದು ಅಲುಗಿದರೆ ಕಿರುಗುಟ್ಟುತ್ತಿತ್ತು, ಕಂಬಳಿ ಮಡಚಿ ಹಾಸಿದೆ. ನೋಡು, ಎಷ್ಟು ಜಾಗ್ರತೆ! ಅಷ್ಟು ಜಾಗ್ರತೆಯಿಂದ ನಾನು ದೇವರ ಮಂಟಪವನ್ನೂ ಸಿಂಗರಿಸಿದವಳಲ್ಲ.

ಕುಂಕುಮಕ್ಕೆ ಕರೆದರೆ ಯಾವ ಹೆಂಗಸೂ ಒಲ್ಲೆ ಎನ್ನುವುದಿಲ್ಲ, ಬಂದವಳು ಸುಮ್ಮನೆ ಕೂರುವುದೂ ಇಲ್ಲ. ಎಲೆ ಅಡಿಕೆ ಬಾಯಿಗೆ ಬಿದ್ದ ಮೇಲೆ ಸಾಲುಮನೆಯ ಹೆಂಗಸರು ಮನಸ್ಸು ಬಿಚ್ಚಿದರು. ಗಂಡನ ಹೆಸರು ಹೇಳದೆಯೇ ಗಂಡನ ಜಾತಕವನ್ನೆಲ್ಲ ಹೇಳಿದರು. ಯಾರು ಹೊಡೆಯುತ್ತಾರೆ, ಯಾರ ಮನೆಯಲ್ಲಿ ತಿಂಗಳ ಕೊನೆಗೆ ಗಂಜಿ, ಕುಲುಮೆಯ ಬಿಸಿಗೆ ಯಾರ ಕಣ್ಣು ಮಂಜಾಗುತ್ತಿದೆ. ನಾನು ನಡುನಡುವೆ ಏನೂ ಅರಿಯದವಳಂತೆ ಒಂದೊಂದು ಪ್ರಶ್ನೆ ಹಾಕುತ್ತಿದ್ದೆ — ಅದು ಅವರು ಬೆಳಿಗ್ಗೆ ನನಗೆ ಹೇಳಿಕೊಟ್ಟ ಪ್ರಶ್ನೆ. ಎಲ್ಲರೂ ಹೋದ ಮೇಲೆ ನಮ್ಮವರು ಪರದೆ ಸರಿಸಿ ಹೊರಗೆ ಬಂದು ನನ್ನನ್ನು ನೋಡುತ್ತಿದ್ದರಲ್ಲ, ಆ ನೋಟಕ್ಕಾಗಿ ನಾನು ಏನು ಬೇಕಾದರೂ ಮಾಡುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನಾವಿಬ್ಬರೂ ಕುಡಿದೆವು.

ನೀನು ಆ ಹೆಂಗಸರಲ್ಲಿ ಒಬ್ಬಳು. ಭಾವನೊಂದಿಗೆ ಮನಸ್ತಾಪವಾಗಿ ಹೊಳಲೂರು ಬಿಟ್ಟು ಗಂಡನ ಜೊತೆ ಬಂದಿದ್ದೆ. ಅವನು ಕಾರ್ಖಾನೆಯಲ್ಲಿ ಕೆಲವು ಕಾಲ ದುಡಿದು, ಹೆಚ್ಚು ಕೂಲಿ ಸಿಗುತ್ತದೆಂದು ಯಾರೋ ಗುತ್ತಿಗೆದಾರನ ಜೊತೆ ಮುಂಬಯಿ ಕಡೆಗೆ ಹೋದ. ನೀನು ಒಂಟಿ ಗಂಡಸರಿಗೆ ಮುದ್ದೆ ಬೇಯಿಸಿ ಹಾಕಿ ಮಗಳನ್ನು ಸ್ಕೂಲಿಗೆ ಕಳಿಸುತ್ತಿದ್ದೆ. ಗಿರಿಜೆ ಸಂಜೆ ನಮ್ಮನೆಗೆ ಸ್ಲೇಟು ತಂದು ಲೆಕ್ಕ ಹೇಳಿಸಿಕೊಳ್ಳುತ್ತಿದ್ದಳು; ಚುರುಕು ಹುಡುಗಿ, ಮೇಷ್ಟ್ರ ತಪ್ಪನ್ನೂ ಹಿಡಿಯುತ್ತಿದ್ದಳು. ನಮ್ಮವರ ಕಾಗದದಲ್ಲಿ ನಿನ್ನ ಮನೆಯ ಮುಂದೆ ಹೀಗಿತ್ತು: ಯಜಮಾನ ಇದ್ದಾನೆ, ಪರಸ್ಥಳದಲ್ಲಿ ಕೆಲಸ.

ಕೆಲವು ಕಾಲದ ಮೇಲೆ ನೀನು ಶುಕ್ರವಾರಗಳನ್ನು ತಪ್ಪಿಸತೊಡಗಿದೆ. ಹಣೆಯಲ್ಲಿ ಕುಂಕುಮ ಇದೆ, ಬಳೆ ಇದೆ, ಆದರೆ ಮುಡಿಯಲ್ಲಿ ಹೂವಿಲ್ಲ. ಕೇಳಿದರೆ ಹೂವಿನ ವಾಸನೆಗೆ ತಲೆಶೂಲೆ ಎನ್ನುತ್ತಿದ್ದೆ. ನಲ್ಲಿಯ ಹತ್ತಿರ ಸಿಕ್ಕಾಗ ನಾನು ತಮಾಷೆಗೆ, "ಏನೇ ಮಾರಾಯ್ತಿ, ನಮ್ಮನೆ ಕುಂಕುಮ ನಿಂಗೆ ಕಹಿ ಆಯ್ತಾ?" ಎಂದೆ. ಆ ಮಾತು ನಿನಗೆ ತಾಗಿರಬೇಕು. ಆ ಶುಕ್ರವಾರ ಎಲ್ಲರೂ ಹೋದ ಮೇಲೆ ಬಂದೆ.

ನಾನು ಭರಣಿ ತೆರೆದು ಬೆರಳು ಅದ್ದಿ ನಿನ್ನ ಹಣೆಗೆ ತಂದೆ. ನೀನು ಮುಖ ಹಿಂದಕ್ಕೆ ಎಳೆದುಕೊಂಡೆ.

"ಬೇಡಿ ಅಮ್ಮಾ. ಇದು ದೇವರ ಮುಂದಿಟ್ಟಿದ್ದು. ಈ ಹಣೇದು ಸುಳ್ಳು."

ನನ್ನ ಬೆರಳು ಹಾಗೆಯೇ ನಿಂತಿತು. ನೀನು ಪರದೆಯ ಕಡೆ ನೋಡಿದೆ.

"ಒಳಗೆ ಯಾರಾದ್ರೂ ಇದ್ದಾರಾ?"

"ಯಾರೂ ಇಲ್ಲ. ಹೇಳು ಮಾರಾಯ್ತಿ."

ಆ ಸುಳ್ಳು ಹೇಳಲು ಒಂದು ಉಸಿರಿನಷ್ಟು ಹೊತ್ತೂ ಬೇಕಾಗಲಿಲ್ಲ. ಆಗ ನಾನು ಏನೆಲ್ಲ ಮಾಡಬಹುದಿತ್ತು — ಕೆಮ್ಮಬಹುದಿತ್ತು, ಹಿತ್ತಲಿಗೆ ಬಾ ಎನ್ನಬಹುದಿತ್ತು, ಇವತ್ತು ಬೇಡ ನಾಳೆ ನಾನೇ ನಿನ್ನ ಮನೆಗೆ ಬರುತ್ತೇನೆ ಎನ್ನಬಹುದಿತ್ತು. ಏನೂ ಹೊಳೆಯಲಿಲ್ಲ ಎಂದರೆ ಅದೂ ಸುಳ್ಳೇ. ಇವತ್ತು ಅವರಿಗೆ ದೊಡ್ಡದೇನೋ ಸಿಗುತ್ತದೆ ಎಂದು ಹೊಳೆಯಿತು. ಅಷ್ಟೇ ಹೊಳೆಯಿತು.

ನೀನು ತಗ್ಗಿದ ದನಿಯಲ್ಲಿ ಹೇಳಿದೆ. ಮುಂಬಯಿ ಕಡೆಯಿಂದ ಬಂದ ಜೊತೆಗಾರನೊಬ್ಬ ಭದ್ರೆಯ ದಡದಲ್ಲಿ ನಿನಗೆ ಸುದ್ದಿ ಮುಟ್ಟಿಸಿದ್ದ. ಜ್ವರ ಬಂದು ನಿನ್ನ ಗಂಡ ಹೋಗಿಬಿಟ್ಟಿದ್ದ, ಅವರೇ ನಾಲ್ಕು ಜನ ಸೇರಿ ಮಣ್ಣು ಮಾಡಿದ್ದರು. ನೀನು ಆ ಮನುಷ್ಯನಿಂದ ನೀರು ಮುಟ್ಟಿಸಿ ಆಣೆ ತೆಗೆದುಕೊಂಡು ಬಾಯಿ ಕಟ್ಟಿಸಿದ್ದೆ.

"ಭಾವಂಗೆ ಗೊತ್ತಾದ್ರೆ ವರ್ಷದೊಳಗೆ ಗಿರಿಜೆ ಕನ್ಯಾದಾನ ಮಾಡಿಬಿಡ್ತಾರೆ ಅಮ್ಮಾ. ಸತ್ತೋರಿಗೆ ಸದ್ಗತಿ ಅಂತ. ಭಾವನ ಹೆಂಡ್ತಿ ತಮ್ಮ ಅದಾನಲ್ಲ, ಹೆಂಡ್ತಿ ಸತ್ತೋನು, ಅವನಿಗೇ. ಮೊದಲಿಂದ ಅವರ ಕಣ್ಣು ಅಲ್ಲೇ. ವರ್ಷ ದಾಟಿದ್ರೆ ಮೂರು ವರ್ಷ ಯಾರೂ ಮದುವೆ ಮಾತು ಎತ್ತಂಗಿಲ್ಲ, ಅದೂ ಅವರದೇ ಶಾಸ್ತ್ರ. ಅಷ್ಟರಲ್ಲಿ ಹುಡುಗಿ ಪರೀಕ್ಷೆ ಪಾಸು ಮಾಡ್ಕೊಳ್ತಾಳೆ."

ಆಮೇಲೆ ನೀನು ಹೇಳಿದ್ದು — ಅದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯಬೇಕು —

"ನಾನಿನ್ನೂ ಅತ್ತಿಲ್ಲ ಅಮ್ಮಾ. ವರ್ಷ ತುಂಬ್ಲಿ, ಆಮೇಲೆ ಅಳ್ತೀನಿ."

ಪರದೆ ಅಲುಗಲಿಲ್ಲ. ಕುರ್ಚಿ ಕಿರುಗುಟ್ಟಲಿಲ್ಲ. ಕಂಬಳಿ ತನ್ನ ಕೆಲಸ ಮಾಡಿತು. ನೀನು ಎಲೆ ಅಡಿಕೆಯನ್ನೂ ಮುಟ್ಟದೆ ಹೋದೆ.

ನಮ್ಮವರು ಹೊರಗೆ ಬಂದಾಗ ಕಣ್ಣು ಒದ್ದೆಯಾಗಿತ್ತು. "ಇದು ನಾನು ಕೇಳಬಾರದಾಗಿತ್ತು. ಮರೆತುಬಿಡೋಣ" ಎಂದರು. ವರದಿಯಲ್ಲಿ ನಿನ್ನ ಮನೆಯ ಸಾಲನ್ನು ತಿದ್ದಲಿಲ್ಲ. ಯಜಮಾನ ಇದ್ದಾನೆ, ಪರಸ್ಥಳದಲ್ಲಿ ಕೆಲಸ. ಅದು ತಪ್ಪು ಎಂದು ತಿಳಿದೂ ಹಾಗೆಯೇ ಬಿಟ್ಟರು. ಅವರ ಪಟ್ಟಿಯ ಆ ಸುಳ್ಳು ನಿನ್ನ ಹಣೆಯ ಸುಳ್ಳಿಗೆ ಬೇಲಿಯಾಗಿ ನಿಂತಿತ್ತು. ಅವರ ಮೇಲೆ ನನಗಿದ್ದ ಗೌರವ ಅವತ್ತು ಇನ್ನೂ ಹೆಚ್ಚಾಯಿತು.

ಹಾಗಿದ್ದರೆ ಭಾಷಣದಲ್ಲಿ ಏಕೆ ಹೇಳಿದರು ಎಂದು ಕೇಳುತ್ತೀಯ. ಶಿವಮೊಗ್ಗದಲ್ಲಿ, ಇದೇ ದುರ್ಗಿಗುಡಿಯ ಒಂದು ಶಾಲೆಯ ಸಭಾಂಗಣದಲ್ಲಿ, ಇಂಥ ವಿಚಾರಣೆಗಳನ್ನು ಹೇಗೆ ನಡೆಸುತ್ತಾರೆ ಎಂದು ಮಾತಾಡಲು ಅವರನ್ನು ಕರೆದಿದ್ದರು. ಮನೆಮನೆಗೆ ಹೋಗಿ ಕೇಳುವುದರ ಗುಣವೇನು, ದೋಷವೇನು. ಎಣಿಕೆ ಎಲ್ಲಿ ಕೈಕೊಡುತ್ತದೆ. ಒಬ್ಬಳ ಕಥೆಯನ್ನು ಎಲ್ಲರ ಕಥೆ ಎನ್ನಬಹುದೋ. ಎಣಿಕೆ ಎಡವುವುದಕ್ಕೆ ಒಂದು ಉದಾಹರಣೆ ಬೇಕಿತ್ತು. ಹಿಂದಿನ ದಿನ ನನ್ನನ್ನು ಕೇಳಿದರು: "ಆ ಮಾತು ಹೇಳ್ಲಾ?" ನಾನು, "ಹೆಸರು ಬೇಡ, ಊರು ಬೇಡ. ಹೇಳಿ" ಎಂದೆ.

ಅವರು ಮಾತು ಉಳಿಸಿಕೊಂಡರು. ನಿನ್ನನ್ನು ಎಲ್ಲೋ ದೂರದ ಊರಿನ ನೇಕಾರರ ಹೆಂಗಸಾಗಿ ಮಾಡಿದರು. ಒಬ್ಬಳು ಗಿರಿಜೆಯನ್ನು ಇಬ್ಬರು ಹೆಣ್ಣುಮಕ್ಕಳಾಗಿ ಮಾಡಿದರು. ಬದಲಿಸದೆ ಉಳಿದದ್ದು ನಿನ್ನ ಕೊನೆಯ ಮಾತು ಒಂದೇ — ವರ್ಷ ತುಂಬಲಿ, ಆಮೇಲೆ ಅಳುತ್ತೇನೆ. ಅದನ್ನು ಬದಲಿಸಲು ಅವರಿಗೆ ಮನಸ್ಸು ಬರಲಿಲ್ಲವಂತೆ. ಅಷ್ಟರಿಂದ ನಿನ್ನನ್ನು ಯಾರೂ ಗುರುತು ಹಿಡಿಯುತ್ತಿರಲಿಲ್ಲ, ಹಾಲಮ್ಮ. ಇದನ್ನು ನೀನು ತಿಳಿಯಬೇಕು.

ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತರು. "ಸ್ವಾಮಿ, ಗಂಡ ಸತ್ತ ಮೇಲೂ ಕುಂಕುಮ ಇಟ್ಕೊಂಡು ಓಡಾಡೋ ಹೆಂಗಸು ನಮ್ಮ ಸೀಮೇಲಿ ಎಲ್ಲೂ ಇಲ್ಲ. ಇದು ನೀವು ಕಟ್ಟಿದ ಕಥೆ." ಜನ ನಕ್ಕರು. ನಮ್ಮವರು, "ಇದ್ದಾರೆ. ಯಾರು ಅಂತ ಹೇಳಲಾರೆ" ಎಂದಷ್ಟೇ ಹೇಳಿ ನೀರು ಕುಡಿದರು. ಜನ ಮತ್ತೆ ನಕ್ಕರು.

ನಾನು ಹೆಂಗಸರ ಬೆಂಚಿನಲ್ಲಿದ್ದೆ. ಪಕ್ಕದಲ್ಲಿ ಹೊಸಮನೆಯ ವಕೀಲರ ಹೆಂಡತಿ ಸುಂದರಮ್ಮ. ಅವರು ನನ್ನ ತೊಡೆ ತಟ್ಟಿ, "ನಿಮ್ಮೆಜಮಾನ್ರು ಕಥೆ ಚೆನ್ನಾಗಿ ಕಟ್ತಾರೆ ಕಣ್ರೀ" ಎಂದರು. ಕೆಟ್ಟ ಹೆಂಗಸಲ್ಲ, ತಮಾಷೆಗೆ ಆಡಿದ ಮಾತು. ನನಗೆ ಮೈಯೆಲ್ಲ ಉರಿಯಿತು.

"ಕಥೆ ಅಲ್ಲ ಸುಂದರಮ್ಮ. ನಮ್ಮ ಭದ್ರಾವತೀಲೇ ಇದ್ದಾಳೆ. ನನ್ನ ಕೈಯಿಂದಲೇ ಕುಂಕುಮ ಬೇಡ ಅಂದ್ಲು."

ಅವರು ಇನ್ನೂ ನಗುತ್ತಲೇ ಇದ್ದರು. ಅಲ್ಲಿಗೇ ನಿಲ್ಲಿಸಿದ್ದರೆ — ನಿಲ್ಲಿಸಲಿಲ್ಲ.

"ನಿಮ್ಮ ಹೊಳಲೂರೋಳೇ."

ಅವರ ಗದ್ದೆ ಇರುವುದು ಹೊಳಲೂರಿನಲ್ಲಿ. ಆ ಕ್ಷಣಕ್ಕೆ ಅದು ನೆನಪಿರಲಿಲ್ಲ ಎಂದು ಬರೆಯಲು ಎಷ್ಟು ಆಸೆಯಾಗುತ್ತದೆ! ನೆನಪಿತ್ತು. ನೆನಪಿದ್ದದ್ದರಿಂದಲೇ ಹೇಳಿದೆ; ಅವರು ನಂಬಬೇಕಿತ್ತಲ್ಲ. ಸುಂದರಮ್ಮನ ನಗು ನಿಂತಿತು. ನಾನು ಗೆದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನನ್ನಮ್ಮ ದಿನಕ್ಕೊಂದು ಸಲ ಹೇಳುತ್ತಿದ್ದಳು. ನಾನು ಗಂಡನ ಸತ್ಯಸಂಧತೆಗೆ ಸಾಕ್ಷಿ ನುಡಿದೆನೆಂಬ ಹೆಮ್ಮೆಯಲ್ಲಿ ಗಾಡಿ ಹತ್ತಿ ಭದ್ರಾವತಿಗೆ ಬಂದೆ.

ಮುಂದಿನದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಹೊಳಲೂರಿನಿಂದ ನಿನ್ನ ಭಾವ ಗಾಡಿ ಕಟ್ಟಿಕೊಂಡು ಬಂದ. ಬೀದಿಯಲ್ಲೇ ನಿಂತು ಕೂಗಾಡಿದ. ಸತ್ತವನ ತಿಥಿಯಿಲ್ಲ, ಸೂತಕವಿಲ್ಲ, ಪರಗಂಡಸರಿಗೆ ಅಡುಗೆ ಮಾಡಿ ಹಾಕಿಕೊಂಡು ಮುತ್ತೈದೆ ಹಾಗೆ ಮೆರೆದಳು ಎಂದ. ನಿನ್ನ ಮುದ್ದೆ ಉಂಡ ಗಂಡಸರು ಒಬ್ಬರೂ ಬಾಯಿ ಬಿಡಲಿಲ್ಲ. ನಾನು ಕಿಟಕಿಯ ಹಿಂದಿದ್ದೆ. ವರ್ಷ ತುಂಬಲು ಇನ್ನೂ ಸ್ವಲ್ಪ ಕಾಲ ಉಳಿದಿತ್ತು. ಗಿರಿಜೆಯನ್ನು ಅವನಿಗೆ ಧಾರೆ ಎರೆದುಬಿಡಲು ಅವರಿಗೆ ಅಷ್ಟು ಸಾಕಾಯಿತು.

ಗಾಡಿ ಹೊರಡುವ ಮುಂಚೆ ನೀನು ನಮ್ಮ ಮನೆಗೆ ಬಂದೆ. ಹಣೆ ಬರಿದಾಗಿತ್ತು. ಬೈಯಲು ಬಂದೆ ಎಂದುಕೊಂಡು ನಾನು ಗೋಡೆಗೆ ಒರಗಿ ನಿಂತೆ. ನೀನು ನನ್ನ ಮುಖ ನೋಡಲಿಲ್ಲ. ನೇರ ಹೋಗಿ ಆ ಹಸಿರು ಸೀರೆಯನ್ನು ಸರಿಸಿದೆ. ಕುರ್ಚಿ, ಕುರ್ಚಿಯ ಮೇಲೆ ಕಂಬಳಿ. ನಮ್ಮವರು ಮನೆಯಲ್ಲಿರಲಿಲ್ಲ. ನೀನು ಕಂಬಳಿಯ ಮೇಲೆ ಅಂಗೈ ಇಟ್ಟು, ಬೆಚ್ಚಗಿದೆಯೋ ಎಂದು ನೋಡುವವಳಂತೆ ನಿಂತೆ.

"ನಾನು ಅಂದಿದ್ದು ಹಂಗಂಗೇ ಹೇಳಿದ್ರಂತೆ ಮೇಷ್ಟ್ರು, ವರ್ಷ ತುಂಬ್ಲಿ ಅಂತ. ಇಲ್ಲೇ ಕೂತಿದ್ರಾ?"

"ಹೌದು" ಎಂದೆ. ಆಮೇಲೆ — "ನಂಗೆ ಗೊತ್ತಿರ್ಲಿಲ್ಲ ಹಾಲಮ್ಮ. ದೇವರಾಣೆಗೂ ಗೊತ್ತಿರ್ಲಿಲ್ಲ."

ನೀನು ಪರದೆಯನ್ನು ಮೊದಲಿದ್ದ ಹಾಗೆ ಎಳೆದೆ. ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡೆ. "ಹೋಗ್ಲಿ ಬಿಡಿ ಅಮ್ಮಾ. ಗಂಡಸರ ಬುದ್ಧಿ. ನಿಮ್ಮ ಮೇಲೆ ನಂಗೆ ಸಿಟ್ಟಿಲ್ಲ" ಎಂದೆ. ನೀನು ನನ್ನನ್ನು ಸಮಾಧಾನ ಮಾಡಿದೆ! ಆ ಕೈ ಇವತ್ತಿಗೂ ನನ್ನ ಕೈಮೇಲೆ ಇದೆ. ಬಟ್ಟೆ ಒಗೆಯುವಾಗ, ಅಕ್ಕಿ ಆರಿಸುವಾಗ, ಇದ್ದಕ್ಕಿದ್ದಂತೆ ಅದರ ಬಿಸಿ ತಿಳಿಯುತ್ತದೆ, ಆಗ ಕೆಲಸ ಬಿಟ್ಟು ಎದ್ದುಬಿಡುತ್ತೇನೆ.

ನಮ್ಮವರಿಗೂ ನಾನು ಹೇಳಲಿಲ್ಲ. ಅವರು ತಮ್ಮ ಭಾಷಣದಿಂದಲೇ ಹೀಗಾಯಿತೆಂದು ನಂಬಿದರು. ಯಾವ ಮಾತಿನಿಂದ ಗೊತ್ತಾಯಿತು? ನೇಕಾರರ ಹೆಂಗಸು ಎಂದದ್ದು ಸಾಲಲಿಲ್ಲವೇ? ಜ್ವರ ಎಂದೆನಲ್ಲ, ಅದರಿಂದಲೇ? ಊಟದ ನಡುವೆ ಕೈ ನಿಲ್ಲಿಸಿ ಕೇಳುತ್ತಿದ್ದರು. ನಾನು ಮಜ್ಜಿಗೆ ಬಡಿಸುತ್ತಿದ್ದೆ. ವರದಿಯ ಕೆಲಸವನ್ನು ಅರ್ಧಕ್ಕೇ ಬಿಟ್ಟು ಶಿವಮೊಗ್ಗಕ್ಕೆ ಬಂದು ಮೇಷ್ಟ್ರ ಕೆಲಸಕ್ಕೆ ಸೇರಿದರು. ಆಮೇಲೂ ಹುಡುಗರು ಕೆಲವರು ಇಂಥ ವಿಚಾರಣೆಯ ದಾರಿ ಕೇಳಿಕೊಂಡು ಮನೆಗೆ ಬರುತ್ತಾರೆ. ಅವರಿಗೆಲ್ಲ ಒಂದೇ ಬುದ್ಧಿವಾದ: ಕಥೆಯ ಹತ್ತಿರ ಹೋಗಬೇಡಿ. ಹೆಸರು ತೆಗೆದರೂ, ಊರು ತೆಗೆದರೂ, ಮನುಷ್ಯ ಅದರಲ್ಲಿ ಉಳಿದುಬಿಡುತ್ತಾನೆ. ಎಣಿಸಿ, ಕೂಡಿಸಿ, ಸುಮ್ಮನಿರಿ.

ಒಬ್ಬ ಬುದ್ಧಿವಂತ ಮನುಷ್ಯ ತನ್ನ ಇಡೀ ಶಾಸ್ತ್ರವನ್ನು ಒಂದು ತಪ್ಪು ಕಾರಣದ ಮೇಲೆ ತಿರುಗಿಸಿ ಕಟ್ಟಿಕೊಂಡ. ಆ ತಪ್ಪು ಕಾರಣವನ್ನು ಕೊಟ್ಟವಳು ನಾನು, ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡವಳೂ ನಾನು. ಅವರ ಎಣಿಕೆಗೆ ನೀನು ಸಿಗುವುದಿಲ್ಲ, ಹಾಲಮ್ಮ. ನಿನ್ನಂಥವರು ಎಷ್ಟು ಮಂದಿ ಎಂದು ಅದು ಹೇಳೀತು, ಏಕೆ ಅಳಲಿಲ್ಲ ಎಂದು ಹೇಳಲಾರದು. ಅದನ್ನು ತಿಳಿಯಬೇಕಾದರೆ ಒಬ್ಬರೆದುರು ಒಬ್ಬರು ಕೂರಲೇಬೇಕು. ನಾವು ಕೂತದ್ದು ತಪ್ಪಲ್ಲ, ಕೂತಿದ್ದೇವೆ ಎಂದು ನಿನಗೆ ಹೇಳದೆ ಕೂತದ್ದು ತಪ್ಪು. ಕೇಳಿದ್ದನ್ನು ಕಾಯಲಾರದೆ ಹೋದದ್ದು ನನ್ನ ತಪ್ಪು. ಇಷ್ಟನ್ನು ಆ ಹುಡುಗರಲ್ಲಿ ಒಬ್ಬನಿಗಾದರೂ ಹೇಳಬಹುದಿತ್ತು. ಹೇಳಬೇಕಾದರೆ ಮೊದಲು ಇದನ್ನೆಲ್ಲ ಹೇಳಬೇಕಿತ್ತಲ್ಲ —

ಗಿರಿಜೆ ಬಂದು ಹೋದ ಮರುದಿನ ಬೆಳಿಗ್ಗೆ ನಮ್ಮವರು ಜಗಲಿಯಲ್ಲಿ ಕನ್ನಡಿ ಇಟ್ಟುಕೊಂಡು ಗಡ್ಡ ಕೆರೆದುಕೊಳ್ಳುತ್ತಿದ್ದರು. ನಾನು ಹೋಗಿ ಎದುರಿಗೆ ಕೂತೆ. ಸುಂದರಮ್ಮನ ಪಕ್ಕದ ಬೆಂಚಿನಿಂದ ಹಿಡಿದು, ನಿನಗೆ ಹಾಕಿದ ದೇವರಾಣೆಯವರೆಗೆ ಹೇಳಿದೆ. ಒಂದು ಕೆನ್ನೆಯ ಮೇಲೆ ಸೋಪು ಹಾಗೇ ಒಣಗಿತು. ಬೈಯುತ್ತಾರೆ, ಎದ್ದು ಹೋಗುತ್ತಾರೆ ಎಂದು ಕಾದೆ.

"ಹಾಗಾದ್ರೆ... ನನ್ನ ಭಾಷಣದಲ್ಲಿ ತಪ್ಪಿರ್ಲಿಲ್ವಾ?" ಎಂದರು.

ಅವರ ಮುಖದಲ್ಲಿ ಒಂದು ಗಳಿಗೆ ಹಗುರ ಬಂದದ್ದನ್ನು ನೋಡಿದೆ. ಅಷ್ಟು ವರ್ಷ ನಾನು ಅವರಿಂದ ಕಿತ್ತುಕೊಂಡದ್ದು ಅದನ್ನೇ. ಆಮೇಲೆ ಅದು ಹೋಯಿತು. ಕತ್ತಿಯನ್ನು ಬಟ್ಟಲಿನಲ್ಲಿ ಅದ್ದುತ್ತಾ, "ಆದ್ರೂ ಕುರ್ಚೀಲಿ ಕೂತೋನು ನಾನೇ" ಎಂದರು. ಅವತ್ತಿನಿಂದ ಅವರು ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾರೆ. ಅದು ನನಗೆ ಬರಬೇಕಾದದ್ದೇ.

ನಿನಗೆ ಓದಲು ಬರುವುದಿಲ್ಲ. ಇದನ್ನು ಕಳಿಸಿದರೆ ಯಾರಾದರೂ ಓದಿ ಹೇಳಬೇಕು. ಮತ್ತೆ ನಮ್ಮಿಬ್ಬರ ನಡುವೆ ಕಿವಿಗೊಟ್ಟು ಕೂರಲು ಇನ್ನೊಬ್ಬರು. ಅದು ಆಗದು. ಬರೆದದ್ದು ಬಾಯಿಗೆ ಧೈರ್ಯ ಬರಲಿ ಎಂದು ಮಾತ್ರ. ಮಗುವನ್ನು ನೀನು ನನ್ನ ಮಡಿಲಿಗೆ ಹಾಕುವ ಮುಂಚೆ ಅದನ್ನು ಯಾರ ಮಡಿಲಿಗೆ ಹಾಕುತ್ತಿದ್ದೀ ಎಂದು ನಿನಗೆ ಗೊತ್ತಾಗಬೇಕು. ಕೇಳಿದ ಮೇಲೆ ನೀನು ಬೇಡ ಎಂದರೆ, ಅವಳು ಓದಲು ಬೇರೆ ಮನೆ, ಬೇರೆ ದಾರಿ ಹುಡುಕಿಕೊಡುತ್ತೇನೆ; ನನ್ನ ಮುಖ ಅವಳು ನೋಡಬೇಕಾಗಿಲ್ಲ.

ನಾಳೆ ಬೆಳಿಗ್ಗೆ ಹೊಳಲೂರಿಗೆ ಬರುತ್ತೇನೆ. ಎಲ್ಲರೆದುರು ಹೇಳಿ ಹಗುರವಾಗಿಬಿಡೋಣ ಎಂದು ಒಂದು ಮನಸ್ಸು. ಆದರೆ ಎಲ್ಲರೆದುರು ಹೇಳಿದರೆ ಹಗುರವಾಗುವುದು ನಾನು. ನಿನ್ನ ಭಾವನ ಮನೆಯಲ್ಲಿ ಮತ್ತೆ ಬಾಯಿಗೆ ಬೀಳುವವಳು ನೀನು. ಹಾಗಾಗಿ ಈ ಸಲ ಪ್ರಶ್ನೆ ನನ್ನದು. ನಿನ್ನ ಬಾಗಿಲಲ್ಲಿ ನಿಂತು, ಬೇರೆ ಯಾವ ಮಾತಿಗೂ ಮುಂಚೆ ಕೇಳುತ್ತೇನೆ:

ಹಾಲಮ್ಮ, ಒಳಗೆ ಯಾರಾದರೂ ಇದ್ದಾರಾ? ಇರಬೇಕೋ ಬೇಡವೋ, ನೀನು ಹೇಳು. ಆಮೇಲೆ ನಾನು ಬಾಯಿ ಬಿಡುತ್ತೇನೆ.